ಪುನಃ ಬಾಗಿಲು ಹಾಕಿದರೆ?

ಪ್ರಶ್ನೆ: ಮೇಡಂ, ನಮ್ಮದು ಉಡುಪಿ ಹತ್ತಿರದ ಊರು. 2020ರಲ್ಲಿ ನಾವು ದುಬೈಯ ಕರಾಮದಲ್ಲಿ ಇದ್ದೆವು. ಎರಡು ಬೆಡ್‌ರೂಮಿನ ಫ್ಲ್ಯಾಟ್. ಒಂದು ರೂಮು ನಮಗೆ, ಇನ್ನೊಂದು ಬೇರೆ ಕುಟುಂಬಕ್ಕೆ, ಅಡುಗೆಮನೆ ಶೇರಿಂಗ್. ಮಗಳಿಗೆ ಆಗ 6 ವರ್ಷ, ಮಗನಿಗೆ ಒಂದೂವರೆ. ಲಾಕ್‌ಡೌನ್ ಆದಾಗ ಗಂಡನ ಸಂಬಳ ಅರ್ಧ ಆಯಿತು. ಮೇ ಕೊನೆಗೆ, ಹೊರದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರಲು ಸರಕಾರ ಬಿಟ್ಟ ವಂದೇ ಭಾರತ್ ವಿಮಾನದಲ್ಲಿ ನಾನು ಮಕ್ಕಳನ್ನು ಕರಕೊಂಡು ಬಂದೆ. ಏಳು ದಿನ ಮಂಗಳೂರಿನ ಹೋಟೆಲಿನಲ್ಲಿ ಕ್ವಾರಂಟೈನ್, ಮತ್ತೆ ಏಳು ದಿನ ಗಂಡನ ಮನೆಯ ಮಾಳಿಗೆ. ಅಂದಿನಿಂದ ನಾವು ಇಲ್ಲೇ. ಈಗ ಗಂಡನಿಗೆ ದೋಹಾದಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ, ಫ್ಯಾಮಿಲಿ ವೀಸಾ ಇದೆ, ಎಲ್ಲರೂ ಬನ್ನಿ ಅಂತಿದ್ದಾರೆ. ಮಗಳು ಈಗ ಆರನೇ ಕ್ಲಾಸು. ಅವಳದ್ದು ಒಂದೇ ಹಟ: “ಅಲ್ಲಿ ಹೋದರೆ ಪುನಃ ಬಾಗಿಲು ಹಾಕ್ತಾರೆ.” ಆ ದಿನಗಳನ್ನು ನೆನೆಸಿದರೆ ನನಗೂ ಕೈಕಾಲು ತಣ್ಣಗಾಗುತ್ತದೆ. ಗಂಡ ನಗುತ್ತಾರೆ. ನಾವು ಹೋಗುವುದು ತಪ್ಪಾ? ಹಾಗೆ ಪುನಃ ಆದರೆ ಮನೆಯೊಳಗೆ ದಿನ ದೂಡುವುದು ಹೇಗೆ? ಅತ್ತೆ ಈಗಲೇ ಹತ್ತು ಕಿಲೋ ಕುಚ್ಚಲಕ್ಕಿ ಕಟ್ಟಿಡಲು ಹೊರಟಿದ್ದಾರೆ.
— ಹೆಸರು ಬೇಡ, ಉಡುಪಿ ಜಿಲ್ಲೆ

ಉತ್ತರ: ಅತ್ತೆಯ ಕುಚ್ಚಲಕ್ಕಿ ವಿಷಯ ಕೊನೆಗೆ ಹೇಳುತ್ತೇನೆ. ಅದಕ್ಕೂ ಒಂದು ಉತ್ತರ ಇದೆ. ಮೊದಲು ಮಗಳು.

ಅವಳು ಹೇಳುವ ಬಾಗಿಲು ಯಾವುದು ಅಂತ ಕೇಳಿದ್ದೀರಾ? ಕರಾಮದ ಫ್ಲ್ಯಾಟಿನದ್ದು ಅಂತಲೇ ನೀವು ತಿಳಿದುಕೊಂಡ ಹಾಗಿದೆ. ನನಗೆ ಅನುಮಾನ. ಆ ರೂಮಿನಲ್ಲಿ ಅವಳ ಪಕ್ಕ ಅಪ್ಪ ಇದ್ದರು, ನೀವು ಇದ್ದಿರಿ, ತಮ್ಮ ಇದ್ದ. ಬೆಳಿಗ್ಗೆ ಹೋಗಿ ರಾತ್ರಿ ಬರುತ್ತಿದ್ದ ಅಪ್ಪ ಇಡೀ ದಿನ ಮನೆಯಲ್ಲೇ ಅಂದರೆ ಆರು ವರ್ಷದ ಮಗುವಿಗೆ ಅದು ಹಬ್ಬ. ಆಮೇಲೆ ಏನಾಯಿತು ನೋಡಿ. ಅಪ್ಪನನ್ನು ಅಲ್ಲೇ ಬಿಟ್ಟು ವಿಮಾನ ಹತ್ತಿದಳು. ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿದರೆ ಮುಖವೇ ಕಾಣದ ಬಿಳಿ ಕಿಟ್ ತೊಟ್ಟವರು. ಮತ್ತೆ ಹೋಟೆಲು. ಕೊನೆಗೆ ಅಜ್ಜಿ ಮನೆಗೆ ಬಂದಳು ಅಂದರೆ, ಮಾಳಿಗೆ. ಕೆಳಗೆ ಅಜ್ಜಿಯ ಸ್ವರ ಕೇಳುತ್ತದೆ, ಇಳಿದು ಹೋಗುವ ಹಾಗಿಲ್ಲ.

2020ರ ಅಕ್ಟೋಬರಿನಲ್ಲಿ ಶಾರ್ಜಾದಿಂದ ಬಂದ ಒಬ್ಬ ಹುಡುಗನನ್ನು ನನ್ನ ಹತ್ತಿರ ಕರಕೊಂಡು ಬಂದಿದ್ದರು. ಏಳು ವರ್ಷ. ಮಾತೇ ಕಡಿಮೆ ಆಗಿತ್ತು. ಕಾಗದ ಕೊಟ್ಟು “ಮನೆ ಬಿಡಿಸು ಮಗಾ” ಅಂದೆ. ಶಾರ್ಜಾದ ಬಿಲ್ಡಿಂಗ್ ಬಿಡಿಸುತ್ತಾನೆ ಅಂತ ಕಾದೆ. ಅವನು ಬಿಡಿಸಿದ್ದು ಒಂದು ಮೆಟ್ಟಿಲು. ಮೇಲಿನ ಮೆಟ್ಟಿಲಲ್ಲಿ ಒಂದು ಬಟ್ಟಲು, ಕೆಳಗೆ ಬೆನ್ನು ಹಾಕಿ ಹೋಗುತ್ತಿರುವ ಒಬ್ಬರು. “ಯಾರಿದು?” ಅಂದೆ. “ಅಜ್ಜಿ. ಓಡಿ ಹೋಗ್ತಿದ್ದಾರೆ.” ಅಜ್ಜಿ ಊಟ ಇಟ್ಟು, ಮುಟ್ಟಬಾರದು ಅಂತ ಬೇಗ ಇಳಿದು ಹೋಗುತ್ತಿದ್ದರಂತೆ. ಅಷ್ಟೇ. ಅಜ್ಜಿಯದ್ದು ಏನೂ ತಪ್ಪಿಲ್ಲ. ಆದರೆ ಹುಡುಗನ ತಲೆಯಲ್ಲಿ ಉಳಿದದ್ದು ಶಾರ್ಜಾ ಅಲ್ಲ, ಆ ಬೆನ್ನು.

ನಿಮ್ಮ ಮಗಳಿಗೂ ಹಾಗೇ ಆಗಿದೆ ಅಂತ ನಾನು ಹೇಳುವುದಿಲ್ಲ. ಕೇಳಿ ಅಂತ ಹೇಳುತ್ತೇನೆ. “ದುಬೈ ನೆನಪುಂಟಾ?” ಅಂತ ಕೇಳಬೇಡಿ, “ಉಂಟು” ಅಂದು ಎದ್ದು ಹೋಗುತ್ತಾಳೆ. ಪಾತ್ರೆ ಒರೆಸುವಾಗಲೋ ಬಸ್ಸಲ್ಲಿ ಕಿಟಕಿ ಪಕ್ಕ ಕೂತಾಗಲೋ ನಿಮ್ಮದೇ ಒಂದು ನೆನಪು ಹೇಳಿ. ಪಕ್ಕದ ರೂಮಿನವರು ಒಗ್ಗರಣೆ ಹಾಕಿದರೆ ನಿಮಗೆ ಸೀನು ಬರುತ್ತಿತ್ತು ಅಂತ ಏನಾದರೂ. ಅವಳು ತನ್ನದನ್ನು ತಾನೇ ತೆಗೆಯುತ್ತಾಳೆ. ಹೋಮ್ ಕ್ವಾರಂಟೈನ್‌ನವರ ಕೈಗೆ ಆಗ ಚುನಾವಣೆಯ ಶಾಯಿಯಲ್ಲಿ ಸೀಲು ಹೊಡೆಯುತ್ತಿದ್ದರು, ಗೇಟಿಗೆ ಕಾಗದ ಅಂಟಿಸುತ್ತಿದ್ದರು, ನೆರೆಯವರು ಅದನ್ನು ನೋಡಿ ದಾರಿ ಬದಲಿಸುತ್ತಿದ್ದರು. ಮಕ್ಕಳು ಇದನ್ನೆಲ್ಲ ನೋಡಿರುತ್ತಾರೆ. ಆಗ ಕೇಳಲಿಕ್ಕೆ ಅವರಿಗೆ ಮಾತು ಇರಲಿಲ್ಲ, ಈಗ ಇದೆ. ಭಯ ಮಾಳಿಗೆಯದ್ದು ಅಂತಾದರೆ, ದೋಹಾಕ್ಕೆ ಹೋಗದೆ ಇಲ್ಲೇ ಕೂತರೆ ಅದು ಹೋಗುವುದಿಲ್ಲ, ಅಲ್ವಾ?

ಇನ್ನು ನಿಮ್ಮ ಕೈಕಾಲು ತಣ್ಣಗಾಗುವ ವಿಷಯ. ದುಬೈಯಲ್ಲಿ ದಿನದ 24 ಗಂಟೆಯೂ ಮನೆಯೊಳಗೇ ಅಂತ ಇದ್ದದ್ದು 2020ರ ಏಪ್ರಿಲ್ 4ರಿಂದ 24ರ ತನಕ. ಮೂರು ವಾರ. ಅದಕ್ಕೆ ಮೊದಲೂ ಆಮೇಲೂ ರಾತ್ರಿಯ ನಿರ್ಬಂಧ ಇತ್ತು, ಮಕ್ಕಳನ್ನು ಮಾಲ್‌ಗೆ ಬಿಡುತ್ತಿರಲಿಲ್ಲ, ಅದೆಲ್ಲ ಸರಿ. ಆದರೂ ಮೂರೇ ವಾರ. ನನ್ನ ಹತ್ತಿರ ಬಂದವರಲ್ಲಿ ಸುಮಾರು ಜನ ಅದನ್ನು “ಆರು ತಿಂಗಳು ಒಳಗೇ ಇದ್ದೆವು” ಅಂತ ಹೇಳುತ್ತಾರೆ. ಸುಳ್ಳಲ್ಲ, ಅವರಿಗೆ ಹಾಗೇ ಆಗಿದೆ. ಯಾಕೆ ಗೊತ್ತಾ? ಮೊದಲು ಎರಡು ವಾರ ಅಂದರು, ಮತ್ತೆ ಒಂದು ವಾರ ಅಂದರು. ಆಮೇಲೆ ಎಷ್ಟು ಅಂತ ಯಾರಿಗೂ ಗೊತ್ತಿರಲಿಲ್ಲ. ಆ ಹೊತ್ತಿಗೆ ಎರಡೂ ಕಡೆ ವಿಮಾನ ಬಂದ್. ಭಾರತ ಮಾರ್ಚ್ 22ರ ಮಧ್ಯರಾತ್ರಿ ದಾಟಿದ ಮೇಲೆ ಹೊರಗಿನ ವಿಮಾನ ಬಿಡಲಿಲ್ಲ, ದುಬೈಯವರು ಮಾರ್ಚ್ 25ರಿಂದ ನಿಲ್ಲಿಸಿದರು. ದುಬೈಯಿಂದ ಮಂಗಳೂರಿಗೆ ವಂದೇ ಭಾರತದ ಮೊದಲ ವಿಮಾನ ಬಂದದ್ದು ಮೇ 12ರ ರಾತ್ರಿ. ಲೆಕ್ಕ ಹಾಕಿ: ಮಾರ್ಚ್ 25ರಿಂದ 48 ದಿನ.

48 ದಿನ ಅಂದರೆ ನಮಗೆ ಒಂದು ಮಂಡಲ. ಬ್ರಹ್ಮಕಲಶ ಆದ ಮೇಲೆ ಮಂಡಲ ಪೂಜೆ ಅಂತ ದಿನಾ ದೇವಸ್ಥಾನಕ್ಕೆ ಹೋಗುವವರು ನಮ್ಮಲ್ಲಿ ಎಷ್ಟು ಜನ ಇಲ್ಲ! 48 ದಿನ ಆರಾಮಾಗಿ ಕಳೆಯುತ್ತದೆ, ಯಾಕೆಂದರೆ ಮುಗಿಯುವ ದಿನ ಕಾಗದದಲ್ಲಿ ಅಚ್ಚಾಗಿದೆ. ಕೊನೆ ಗೊತ್ತಿಲ್ಲದ 48 ದಿನ ಬೇರೆಯೇ ಜಾತಿಯದ್ದು. 2020ರ ಫೆಬ್ರವರಿಯಲ್ಲೇ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೇಖನ ಬಂದಿತ್ತು. ಸಾರ್ಸ್, ಎಬೋಲಾ ಸಮಯದಲ್ಲಿ ಕ್ವಾರಂಟೈನ್ ಆದವರ ಬಗ್ಗೆ ಮಾಡಿದ 24 ಅಧ್ಯಯನಗಳನ್ನು ಅದರಲ್ಲಿ ಒಟ್ಟಿಗೆ ಇಟ್ಟು ನೋಡಿದ್ದರು. ಮನಸ್ಸಿಗೆ ಜಾಸ್ತಿ ಪೆಟ್ಟು ಕೊಟ್ಟದ್ದು ಏನು? ದಿನ ಉದ್ದ ಆದದ್ದು, ಸರಿಯಾದ ಮಾಹಿತಿ ಸಿಗದ್ದು, ಸಾಮಾನು ಸಾಲದ್ದು, ದುಡ್ಡು ಹೋದದ್ದು, ಬೇಸರ, ಜನ ದೂರ ಇಟ್ಟದ್ದು. ಹೇಳಿದ ದಿನಕ್ಕಿಂತ ಒಂದಿಷ್ಟೇ ಮುಂದೆ ಹಾಕಿದರೂ ಜನ ಕುಸಿಯುತ್ತಾರೆ ಅಂತಲೂ ಅದರಲ್ಲಿ ಇತ್ತು. ನಿಮ್ಮ ಮನೆಯಲ್ಲಿ ಇವೆಲ್ಲ ಇದ್ದವು. ಹಾಗಾಗಿ ನಿಮ್ಮದು ಪುಕ್ಕಲುತನ ಅಲ್ಲ. ಗಂಡನ ನಗುವಿಗೂ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಅರ್ಧ ಸಂಬಳದಲ್ಲಿ, ಖಾಲಿ ರೂಮಿನಲ್ಲಿ, ಹೆಂಡತಿ ಮಕ್ಕಳನ್ನು ಕಳಿಸಿ ಒಬ್ಬರೇ ಉಳಿದವರು ಅವರು. ನಗುವವರಿಗೂ ಏನೋ ಇರುತ್ತದೆ, ಒಮ್ಮೆ ಕೇಳಿ ನೋಡಿ.

ನೀವು ಕೇಳಿದ ‘ದಿನ ದೂಡುವುದು’ ಈಗ ಬರುತ್ತದೆ. ಇದರಲ್ಲಿ ನಾನು ಕಲಿತದ್ದು ನನ್ನ ತಮ್ಮನ ಮನೆಯಿಂದ.

ಅವನು ಕುವೈತಿನ ಮಹಬೂಲದಲ್ಲಿ ಇದ್ದ. 2020ರ ಏಪ್ರಿಲ್ 6ರಿಂದ ಆ ಪ್ರದೇಶವನ್ನೇ ಪ್ರತ್ಯೇಕ ಮಾಡಿ ಬೇಲಿ ಹಾಕಿದರು. ಮೇ 10ರಿಂದ 30ರ ತನಕ ಇಡೀ ದೇಶಕ್ಕೇ ಪೂರ್ಣ ಕರ್ಫ್ಯೂ. ಗಂಡ, ಹೆಂಡತಿ, ಎಂಟು ವರ್ಷದ ಮಗಳು. ಕಂಪೆನಿಯಿಂದ ಎರಡು ತಿಂಗಳು ಸಂಬಳವೂ ಬರಲಿಲ್ಲ. ಆದರೆ ಅವನ ಮನೆಯಲ್ಲಿ ಜಾಸ್ತಿ ಜಗಳ ಆದದ್ದು ಸಂಬಳಕ್ಕಲ್ಲ, ಬೇಲಿಗಲ್ಲ. ಫೋನಿಗೆ. ಕಿನ್ನಿಗೋಳಿಯಿಂದ ನಮ್ಮ ಅಮ್ಮ ಬೆಳಿಗ್ಗೆ ಏಳಕ್ಕೆ ಕಾಲ್ ಮಾಡಿದರೆ ಅಲ್ಲಿ ನಾಲ್ಕೂವರೆ. ಇಲ್ಲಿ ಟಿವಿಯಲ್ಲಿ ಕುವೈತ್ ಅಂತ ಬಂದರೆ ಸಾಕು, ಅಮ್ಮ ಹೆದರಿ ಫೋನ್. ಇಲ್ಲಿ ದಕ್ಷಿಣ ಕನ್ನಡದಲ್ಲಿ ಮಾರ್ಚ್ ಕೊನೆಗೆ ಅಂಗಡಿಯೂ ತೆರೆಯದ ಹಾಗೆ ಪೂರ್ತಿ ಬಂದ್ ಮಾಡಿದರು ನೋಡಿ, ಆಗ ತಮ್ಮ ಅಲ್ಲಿಂದ ಹೆದರಿ ಫೋನ್. ಅಮ್ಮನ ಬಿಪಿ ಮಾತ್ರೆ ಯಾರು ತಂದು ಕೊಡುವುದು, ಕೇರಳದ ಕಡೆಯ ತಲಪಾಡಿ ಗಡಿ ಮುಚ್ಚಿದರಂತೆ, ಅಕ್ಕ ಎಲ್ಲಿದ್ದಾಳೆ... ಅವನ ಹೆಂಡತಿಯ ಮನೆ ಕಾಸರಗೋಡು. ಅಲ್ಲಿಂದ ಇನ್ನೊಂದು ಸುದ್ದಿ.

ಊರಲ್ಲಿ ಇರುವವರಿಗೆ ಲಾಕ್‌ಡೌನ್ ಒಂದು. ಹೊರದೇಶದಲ್ಲಿ ಇರುವವರಿಗೆ ಎರಡು. ಒಂದು ಬಾಗಿಲ ಹೊರಗೆ, ಇನ್ನೊಂದು ಫೋನಿನ ಒಳಗೆ. ಹೊರಗಿನದಕ್ಕೆ ಪರ್ಮಿಟ್ ಇತ್ತು, ಸಮಯ ಇತ್ತು, ಪೊಲೀಸ್ ಇದ್ದ. ಫೋನಿನ ಒಳಗಿನದಕ್ಕೆ ಗಡಿಯೇ ಇರಲಿಲ್ಲ. ನಾನು ಆ ವರ್ಷ ಮಾತಾಡಿದ ಕೊಲ್ಲಿಯ ಮನೆಗಳಲ್ಲೆಲ್ಲ ಇದೇ ಕಥೆ. ಎರಡು ಊರಿನ ಸುದ್ದಿ, ಎರಡು ಊರಿನ ಗಡಿಯಾರ, ಎರಡು ಊರಿನ ವಾಟ್ಸಾಪ್ ಗ್ರೂಪು, ಎರಡು ಕಡೆಯ ಕಷಾಯ.

ತಮ್ಮ ಒಂದು ದಿನ ಅಮ್ಮನಿಗೆ ಹೇಳಿದ, “ಅಲ್ಲಿ ರಾತ್ರಿ ಎಂಟಕ್ಕೆ ನಾನೇ ಮಾಡ್ತೇನೆ. ದಿನಾ. ಬೇರೆ ಹೊತ್ತಿಗೆ ನಿಮ್ಮ ಫೋನ್ ಬಂದರೆ ಅರ್ಜೆಂಟ್ ಅಂತ ಅರ್ಥ.” ಅಮ್ಮನಿಗೆ ಸ್ವಲ್ಪ ಬೇಜಾರಾಯಿತು. ಎರಡು ದಿನ ಮುಖ ಊದಿಸಿಕೊಂಡು ಮಾತಾಡಿದರು. ಮತ್ತೆ ಅವನು ಇನ್ನೊಂದು ನಿಯಮ ಹಾಕಿದ: ಮೊದಲ ಐದು ನಿಮಿಷ ರೋಗದ ಮಾತು ಬೇಡ. ಅಮ್ಮನಿಗೆ ಏನು ಮಾತಾಡುವುದು ಅಂತಲೇ ಗೊತ್ತಾಗಲಿಲ್ಲ ಮಾರಾಯ್ರೆ! ಕೊನೆಗೆ ಅಂಗಳದ ಬಕ್ಕೆ ಹಲಸಿನ ಮರ ಶುರು ಮಾಡಿದರು. ಇವತ್ತು ಎರಡು ಕೊಯ್ದೆ, ಒಂದು ಮಂಗ ತಿಂದಿತು, ಹಪ್ಪಳಕ್ಕೆ ಇಷ್ಟು ತೆಗೆದೆ. ಅಲ್ಲಿ ಮೊಮ್ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಬರೆದಿಟ್ಟಳು. ಮರದಲ್ಲಿ 31 ಇತ್ತು, ಈಗ 29, ಈಗ 26. ಎಂಟಾಗುವುದಕ್ಕೆ ಕಾಯುತ್ತಿದ್ದಳು ಹುಡುಗಿ. ಆ ಮನೆಯಲ್ಲಿ ದಿನಕ್ಕೊಂದು ಗೂಟ ಆಯಿತು ಅದು, ಉಳಿದದ್ದೆಲ್ಲ ಅದಕ್ಕೆ ಕಟ್ಟಿಕೊಂಡಿತು. ಕತಾರಿಗೂ ನಮಗೂ ಎರಡೂವರೆ ಗಂಟೆಯದ್ದೇ ಅಂತರ. ಈ ಒಂದು ಏರ್ಪಾಡನ್ನು ರೋಗ ರುಜಿನ ಬರಲಿ ಬಿಡಲಿ, ಹೋದ ಮೊದಲ ವಾರದಿಂದಲೇ ಮಾಡಿ. ಅತ್ತೆಯವರು ಒಪ್ಪದಿದ್ದರೆ ಗಂಡ ಹೇಳಲಿ, ನೀವಲ್ಲ.

ಇಂಥ ಗೂಟ ಮೂರು ಸಾಕು. ಏಳುವ ಹೊತ್ತು, ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಒಂದು ಹೊತ್ತು, ಊರಿನ ಫೋನು. ಇಡೀ ದಿನಕ್ಕೆ ಟೈಮ್ ಟೇಬಲ್ ಬರೆದು ಫ್ರಿಜ್ಜಿಗೆ ಅಂಟಿಸಿದವರು ಎಷ್ಟೋ ಜನ. ನಾಲ್ಕನೇ ದಿನಕ್ಕೆ ಅದು ಬೀಳುತ್ತದೆ, ಅದರ ಜೊತೆ ಅಮ್ಮನ ಮನಸ್ಸೂ ಬೀಳುತ್ತದೆ. ನಾನೇ ಆಗ ಕೆಲವರಿಗೆ ಬರೆಸಿದ್ದೆ, ಈಗ ಬರೆಸುವುದಿಲ್ಲ.

ಬೆಳಿಗ್ಗೆ ಹೇಗೂ ಹೋಗುತ್ತದೆ. ಆನ್‌ಲೈನ್ ಕ್ಲಾಸು, ತಿಂಡಿ, ಪಾತ್ರೆ. ಕಷ್ಟ ಇರುವುದು ಮಧ್ಯಾಹ್ನ ಮೂರರಿಂದ ಐದರ ತನಕ. ಕೊಲ್ಲಿಯಲ್ಲಿ ಮೇ ಬಂದ ಮೇಲೆ ಆ ಹೊತ್ತಿಗೆ ಬಾಲ್ಕನಿಗೂ ಕಾಲಿಡಲು ಆಗುವುದಿಲ್ಲ. ದೊಡ್ಡವರಿಗೆ ಜೊಂಪು, ಮಕ್ಕಳಿಗೆ ಹುರುಪು. ಹೊಡೆತ ಬೀಳುವುದು ಆಗಲೇ. ಆ ಎರಡು ಗಂಟೆಗೆ ಮಾತ್ರ ಮೊದಲೇ ಏನಾದರೂ ಯೋಚಿಸಿ ಇಡಿ. ಕೈಯಲ್ಲಿ ಮಾಡುವ ಕೆಲಸ ಆಗಲಿ. ಹಿಟ್ಟು ಕಲಸುವುದು, ಕಪಾಟು ಬಿಚ್ಚಿ ಜೋಡಿಸುವುದು, ಬಕೆಟಿನಲ್ಲಿ ನೀರಾಟ. ಒಂದು ಗಂಟೆ ಮೊಬೈಲ್ ಕೊಟ್ಟರೂ ತಪ್ಪಿಲ್ಲ, ಅದಕ್ಕೆ ಪಶ್ಚಾತ್ತಾಪ ಬೇಡ. ಮಲಗುವ ಒಂದು ಗಂಟೆ ಮೊದಲು ಕೊಡಬೇಡಿ ಅಷ್ಟೇ. ಸೂರ್ಯನ ಬೆಳಕು ಬೆಳಿಗ್ಗೆ ಏಳರೊಳಗೆ ಬಾಲ್ಕನಿಯಲ್ಲೋ ಕಿಟಕಿಯಲ್ಲೋ ಸಿಗಲಿ. ನಿದ್ದೆ ಸರಿ ಇದ್ದರೆ ಅರ್ಧ ಜಗಳ ಇಲ್ಲ.

ಇನ್ನೊಂದು, ಒಬ್ಬೊಬ್ಬರಿಗೂ ಒಂದು ಮೂಲೆ. ಒಂದೇ ರೂಮಿನಲ್ಲಿ ನಾಲ್ಕು ಜನ ಇದ್ದರೂ ಇದು ಆಗುತ್ತದೆ. ಒಂದು ಚಾಪೆ ಸಾಕು. ಚಾಪೆಯಲ್ಲಿ ಕೂತವರನ್ನು ಅರ್ಧ ಗಂಟೆ ಯಾರೂ ಕರೆಯುವ ಹಾಗಿಲ್ಲ. ಅಮ್ಮ ಕೂತರೂ ಇಲ್ಲ. ಬರ್ ದುಬೈಯ ಒಬ್ಬರು ಹೇಳಿದ್ದು ನನಗೆ ಮರೆಯುವುದಿಲ್ಲ. ಮಕ್ಕಳಿಬ್ಬರ ಕ್ಲಾಸು ಹಾಲಿನಲ್ಲಿ, ಗಂಡನ ಆಫೀಸು ಬಾತ್‌ರೂಮಿನಲ್ಲಿ, ಬಕೆಟ್ ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪ್. “ಎಲ್ಲರಿಗೂ ಜಾಗ ಮಾಡಿಕೊಟ್ಟೆ ಮೇಡಂ, ನನ್ನ ಜಾಗ ಗ್ಯಾಸ್ ಎದುರು ಮಾತ್ರ.” ಅದರಲ್ಲೂ ಅವರದ್ದು ನಿಮ್ಮ ಹಾಗೆ ಶೇರಿಂಗ್ ಅಡುಗೆಮನೆ, ಹತ್ತರಿಂದ ಹನ್ನೊಂದೂವರೆ ಅವರ ಪಾಳಿ. ಈ ಸಲ ಫ್ಲ್ಯಾಟ್ ನೋಡುವಾಗ ಒಂದು ಕಿವಿಮಾತು: ರೂಮು ಚಿಕ್ಕದಾದರೂ ಪರವಾಗಿಲ್ಲ, ಅಡುಗೆಮನೆ ಬೇರೆಯವರ ಜೊತೆ ಬೇಡ. ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಬೇಡ.

ಮಕ್ಕಳಿಗೆ ಏನು ಹೇಳಬೇಕು ಅನ್ನುವುದರಲ್ಲಿ ನಾವು ತುಂಬಾ ಜನ ತಪ್ಪು ಮಾಡಿದೆವು. ಏನೂ ಹೇಳಲಿಲ್ಲ. ರಾತ್ರಿ ಮಕ್ಕಳು ಮಲಗಿದರು ಅಂತ ಗಂಡ ಹೆಂಡತಿ ಪಿಸುಪಿಸು ಮಾತಾಡಿದೆವು. ಒಂದೇ ರೂಮಿನಲ್ಲಿ ಯಾವ ಮಗುವೂ ಅಷ್ಟು ಬೇಗ ನಿದ್ದೆ ಹೋಗುವುದಿಲ್ಲ. ‘ಟಿಕೆಟ್’, ‘ಟರ್ಮಿನೇಷನ್’, ‘ವೀಸಾ’, ‘ಸತ್ತರಂತೆ’ ಅಂತ ಬಿಡಿ ಬಿಡಿ ಶಬ್ದ ಕಿವಿಗೆ ಬೀಳುತ್ತದೆ. ಉಳಿದದ್ದನ್ನು ಅವರೇ ತುಂಬಿಸಿಕೊಳ್ಳುತ್ತಾರೆ. ಅವರು ತುಂಬಿಸಿದ್ದು ನಿಜಕ್ಕಿಂತ ಯಾವಾಗಲೂ ದೊಡ್ಡದು. ಹಗಲಲ್ಲೇ ಕೂರಿಸಿ ಮೂರು ಮಾತು ಹೇಳಿ: ಏನಾಗಿದೆ, ಇವತ್ತು ನಾವು ಏನು ಮಾಡುತ್ತೇವೆ, ಮತ್ತೆ ಯಾವಾಗ ಹೇಳುತ್ತೇನೆ. “ಯಾವಾಗ ಮುಗಿಯುತ್ತದೆ?” ಅಂತ ಕೇಳಿದರೆ ಗೊತ್ತಿಲ್ಲ ಅಂತಲೇ ಹೇಳಿ. “ಬರುವ ಶುಕ್ರವಾರ ಪುನಃ ನೋಡಿ ಹೇಳ್ತೇನೆ” ಅಂತ ಸೇರಿಸಿ. ಶುಕ್ರವಾರ ಮರೆಯಬೇಡಿ. ದೊಡ್ಡ ಕೊನೆ ಗೊತ್ತಿಲ್ಲದಾಗ ಇಂಥ ಸಣ್ಣ ಕೊನೆಗಳೇ ಕೈ ಹಿಡಿಯುವುದು. ಹನ್ನೊಂದು ವರ್ಷದವಳಿಗೆ ದುಡ್ಡಿನ ವಿಷಯವೂ ಅವಳ ಅಳತೆಗೆ ಹೇಳಬಹುದು: ಅಪ್ಪನ ಸಂಬಳ ಕಡಿಮೆ ಆಗಿದೆ, ಊಟಕ್ಕೆ ತೊಂದರೆ ಇಲ್ಲ, ಹೊಸ ಸೈಕಲ್ ಈಗ ಬೇಡ. ಅಷ್ಟು ಸಾಕು.

ಮಗು ವಾರಗಟ್ಟಲೆ ನಿದ್ದೆ ಬಿಟ್ಟರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಪುನಃ ಶುರುವಾದರೆ, ಚರ್ಮ ಸುಲಿಯುವಷ್ಟು ಕೈ ತೊಳೆಯುತ್ತಿದ್ದರೆ ಸುಮ್ನೆ ಕಾಯಬೇಡಿ, ಯಾರಿಗಾದರೂ ತೋರಿಸಿ. ಇಲ್ಲಿ ಇರುವಾಗ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಿಮ್ಮ ಕೈಕಾಲು ತಣ್ಣಗಾಗುವುದಕ್ಕೂ ಅದು ಆಗುತ್ತದೆ.

ಇನ್ನು ಹೋಗಬೇಕಾ ಬೇಡವಾ. ಹೋಗಿ ಅನ್ನುತ್ತೇನೆ. ಬಾಗಿಲು ಪುನಃ ಹಾಕುವುದೇ ಇಲ್ಲ ಅಂತ ಮಗಳಿಗೆ ಮಾತು ಕೊಡಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. ಆದರೆ ಬಾಗಿಲು ಹಾಕುವುದು ಕೊಲ್ಲಿಯ ಗುಣ ಅಲ್ಲ ಅಂತ ತೋರಿಸಿ. 2020ರಲ್ಲಿ ಉಡುಪಿಯೂ ಮುಚ್ಚಿತ್ತು, ಮಂಗಳೂರೂ ಮುಚ್ಚಿತ್ತು. ಕತಾರಿನಲ್ಲಿ ಶಾಲೆ ಮುಚ್ಚಿದರು, ಇಂಡಸ್ಟ್ರಿಯಲ್ ಏರಿಯಾದ ಒಂದು ಭಾಗವನ್ನು ಸೀಲ್ ಮಾಡಿದರು, ಆದರೆ ಇಡೀ ದೇಶಕ್ಕೆ ಕರ್ಫ್ಯೂ ಹಾಕಲಿಲ್ಲ. 2023ರಲ್ಲಿ ಕೋಯಿಕ್ಕೋಡಿನಲ್ಲಿ ನಿಫಾ ಬಂದಾಗ ಅಲ್ಲಿಯೂ ಶಾಲೆಗೆ ರಜೆ ಕೊಟ್ಟಿದ್ದರು. ನಮಗೆ ಅದು ದೋಹಾಕ್ಕಿಂತ ಎಷ್ಟೋ ಹತ್ತಿರ. ಅವಳೇ ಮ್ಯಾಪ್ ತೆಗೆದು ನೋಡಲಿ.

ಈಗಲೇ ಎತ್ತಿಕೊಂಡು ಹೋಗಬೇಡಿ. ಡಿಸೆಂಬರ್ ರಜೆಗೆ ಎರಡು ವಾರ ಹೋಗಿ ಬನ್ನಿ. ಆಗ ಅಲ್ಲಿ ಹವೆಯೂ ಚೆನ್ನಾಗಿರುತ್ತದೆ, ಸಂಜೆ ಕಡಲ ಬದಿ ಕಾರ್ನಿಶ್‌ನಲ್ಲಿ ನಡೆಯಬಹುದು. ವಾಪಸ್ ಬರುವ ಟಿಕೆಟ್ ಅವಳ ಕೈಯಲ್ಲೇ ಇರಲಿ. ಬಾಗಿಲು ತೆರೆದು ಹೊರಗೆ ಬಂದ ನೆನಪೊಂದು ಅವಳಿಗೆ ಬೇಕು. ಆಮೇಲೆ ಏಪ್ರಿಲಿನಲ್ಲಿ ಏಳನೇ ಕ್ಲಾಸಿಗೆ ಸೇರಿಸಿ, ಅಲ್ಲಿಯ ಸಿಬಿಎಸ್‌ಇ ಶಾಲೆಗಳಿಗೂ ಏಪ್ರಿಲೇ ಶುರು. ಒಂಬತ್ತಕ್ಕೆ ಬೋರ್ಡಿನ ರಿಜಿಸ್ಟ್ರೇಷನ್ ಆದ ಮೇಲೆ ಶಾಲೆ ಬದಲಿಸುವುದು ತಲೆನೋವು. ಹೋಗುವುದಾದರೆ ಅದಕ್ಕೆ ಮೊದಲೇ ಹೋಗಬೇಕು.

ಹೊರಡುವ ಮೊದಲು ನಾಲ್ಕು ಜನರ ವಾಪಸ್ ಟಿಕೆಟಿನಷ್ಟು ದುಡ್ಡನ್ನು ಬೇರೆ ಖಾತೆಯಲ್ಲಿ ಇಡಿ, ಮನೆ ಸಾಲದ ಕಂತಿಗೂ ಅದನ್ನು ಮುಟ್ಟಬೇಡಿ. ಮಾತ್ರೆಗಳ ಕಂಪೆನಿ ಹೆಸರು ಬೇಡ, ಒಳಗಿನ ಮದ್ದಿನ ಹೆಸರು ಬರೆದುಕೊಳ್ಳಿ. ನಮ್ಮ ಕಂಪೆನಿಯದ್ದು ಅಲ್ಲಿ ಸಿಗದಿದ್ದರೂ ಅದೇ ಮದ್ದು ಬೇರೆ ಹೆಸರಲ್ಲಿ ಇರುತ್ತದೆ. ನಿದ್ದೆಯ ಅಥವಾ ನರದ ಮಾತ್ರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಒಯ್ಯಲೇಬೇಡಿ, ಅಲ್ಲಿ ಕಾನೂನು ಗಟ್ಟಿ.

ಕುಚ್ಚಲಕ್ಕಿ. ಅತ್ತೆಯವರನ್ನು ನೋಡಿ ನಗಬೇಡಿ. ಅವರ ಲೆಕ್ಕ ಆಟಿ ತಿಂಗಳದ್ದು, ಜುಲೈ-ಆಗಸ್ಟಿನ ಜೋರು ಮಳೆಯ ತುಳು ತಿಂಗಳು. ಹಿಂದೆ ಆಟಿಯಲ್ಲಿ ಮಳೆ ಹಿಡಿದರೆ ಹೊರಗೆ ಕೆಲಸ ಇಲ್ಲ, ಕೈಯಲ್ಲಿ ಕಾಸಿಲ್ಲ, ಜ್ವರದ ಹೆದರಿಕೆ ಬೇರೆ. ಅದಕ್ಕೆ ಬೇಸಿಗೆಯಲ್ಲೇ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹಲಸಿನ ಹಪ್ಪಳ, ಒಣಮೀನು, ಮಿಡಿ ಉಪ್ಪಿನಕಾಯಿ ಎಲ್ಲ ಅಟ್ಟ ಸೇರುತ್ತಿತ್ತು. ಅವರಿಗೆ ಬಾಗಿಲು ಹಾಕಿದ ದಿನಗಳ ಅಭ್ಯಾಸ ನಮಗಿಂತ ಜಾಸ್ತಿ ಇದೆ. ಅಕ್ಕಿಯ ಜೊತೆ ಅಟ್ಟದಿಂದ ಇನ್ನೊಂದು ವಸ್ತುವೂ ಆಟಿಯಲ್ಲೇ ಇಳಿಯುತ್ತಿತ್ತು, ಚೆನ್ನೆಮಣೆ. ಎರಡು ಸಾಲಿನಲ್ಲಿ ಏಳೇಳು ಗುಳಿ, ಗುಳಿಗೆ ನಾಲ್ಕು ಬೀಜ. ಮೂರರಿಂದ ಐದರ ತನಕ ಅಂತ ಹೇಳಿದೆ ನೋಡಿ, ಆ ಹೊತ್ತಿಗೆ ಇದರಷ್ಟು ಒಳ್ಳೆಯದು ನನಗೆ ಬೇರೆ ಸಿಕ್ಕಿಲ್ಲ. ದಪ್ಪ ಕೆಂಪಕ್ಕಿ ದೋಹಾದಲ್ಲಿ ಮಲಯಾಳಿ ಅಂಗಡಿಯಲ್ಲಿ ಸಿಗುತ್ತದೆ. ಅತ್ತೆಯವರ ಸಮಾಧಾನಕ್ಕೆ ಎರಡು ಕಿಲೋ ಕಟ್ಟಿಸಿಕೊಳ್ಳಿ. ಉಳಿದ ತೂಕಕ್ಕೆ ಮಣೆ ಹಾಕಿ. ಆಟ ಹೇಗೆ ಅಂತ ಮಗಳಿಗೆ ಕಲಿಸಲು ಅವರಿಗೇ ಹೇಳಿ. ಮಾಳಿಗೆಯಲ್ಲಿ ಅಲ್ಲ, ಕೆಳಗೆ ಚಾವಡಿಯಲ್ಲಿ ಕೂತು.